ಕಂಬದ ಮನೆಯ ಬೋಳು ಗಿಳಿ

ನಮ್ಮ ಊರಿನವರಿಗೆ ಬಾಯಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇಕಾದಷ್ಟಿದೆ. ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಇನ್ನೊಬ್ಬರ ಮನೆಯ ಮದುವೆ ಪಂಕ್ತಿಯಲ್ಲಿ ಆ ಬಾಯಿ ಹೇಗೆ ಓಡುತ್ತದೆ ಅನ್ನುವುದನ್ನು ನಾನು ಹುಟ್ಟಿದಾಗಿನಿಂದ ನೋಡುತ್ತಾ ಬಂದಿದ್ದೇನೆ. ಸ್ವಂತ ಮನೆಯ ಹೊಸ್ತಿಲಿಗೆ ಬಂದಾಗ ಮಾತ್ರ ಅದು ಬಿದ್ದುಹೋಗುತ್ತದೆ. ಅಲ್ಲಿ ಮಾತಾಡುವುದು ಗಿಳಿ.

ಪ್ರತಿ ಮನೆಯ ಬಾಗಿಲಿಗೂ ಒಂದು ಪಂಜರ. ಬಂದವರು ಗೇಟಿನಾಚೆ ನಿಂತು “ಮನೆಯಲ್ಲಿ ಯಾರಿದ್ದೀರಿ?” ಅಂತ ಕೇಳಬೇಕು. ಗಿಳಿ “ಬನ್ನಿ” ಅಂದರೆ ಒಳಗೆ ಹೋಗಬೇಕು, ಬೇರೇನಾದರೂ ಅಂದರೆ ತಿರುಗಿ ನಡೆಯಬೇಕು. ಗಿಳಿ ಆಡಿದ್ದೇ ಮನೆಯ ಮಾತು. ಯಜಮಾನರು ಬನಿಯನ್ ಹಾಕಿಕೊಂಡು ಕಿಟಕಿಯ ಪಕ್ಕ ಪೇಪರ್ ಓದುತ್ತಾ ಕೂತಿರುವುದು ಬಂದವರ ಕಣ್ಣಿಗೆ ರಾಚುವ ಹಾಗೆ ಕಾಣುತ್ತಿದ್ದರೂ, ಗಿಳಿ “ಯಾರೂ ಇಲ್ಲ” ಅಂದಮೇಲೆ ಯಾರೂ ಇಲ್ಲ. ಬಂದವರು “ಓಹೋ, ಇಲ್ವಾ” ಅಂತ ತಲೆಯಾಡಿಸಿ ಹೋಗುತ್ತಾರೆ. ಯಜಮಾನರು ಪುಟ ತಿರುಗಿಸುತ್ತಾರೆ. ಇದನ್ನು ನಮ್ಮವರು ಮರ್ಯಾದೆ ಅಂತ ಕರೆಯುತ್ತಾರೆ.

ಗಿಳಿಯ ಮಾತು ಕೇಳಿಯೇ ಮನೆಯವರ ಯೋಗ್ಯತೆ ಹೇಳಬಹುದು. ಜಿಪುಣರ ಗಿಳಿ “ಊಟ ಆಯ್ತಲ್ಲ?” ಅಂತ ಶುರು ಮಾಡುತ್ತದೆ. ದೊಡ್ಡಸ್ತಿಕೆಯವರ ಗಿಳಿ “ತಾವು ಯಾರು?” ಅಂತ ಎರಡು ಸಲ ಕೇಳುತ್ತದೆ. ಅಂಥ ಗಿಳಿಗೆ ವಯಸ್ಸಾಗಿ ದನಿ ಒಡೆದರೆ, ಇಲ್ಲ ಬೇಸತ್ತು ಕಿರುಚಲು ಶುರು ಮಾಡಿದರೆ ಮನೆಯವರು ಅದನ್ನು ಒಂದು ಬುಟ್ಟಿಗೆ ಹಾಕಿ ಊರಾಚೆಯ ಕಸದ ಗುಂಡಿಯ ಹತ್ತಿರ ಇಟ್ಟು, ಹಿಂತಿರುಗಿ ನೋಡದೆ ಬರುತ್ತಾರೆ. ದಾರಿಯಲ್ಲೇ ಹೊಸದಕ್ಕೆ ಹೇಳಿ ಬರುತ್ತಾರೆ.

ನಮ್ಮ ಮನೆಯ ಬಾಗಿಲಿಗೆ ಗಿಳಿ ಇರಲಿಲ್ಲ. ನಮ್ಮಣ್ಣ ಶೇಷಾದ್ರಿ ತೀರಿಕೊಂಡ ಮೇಲೆ ಅವನ ಗಿಳಿಯೂ ಹೋಯಿತು. ಅತ್ತಿಗೆ ತುಂಗಮ್ಮ ಪಂಜರವನ್ನು ತೊಳೆದು ಅಟ್ಟಕ್ಕೆ ಹಾಕಿಬಿಟ್ಟಳು. “ಇನ್ನೊಂದು ತರಬೇಡವಾ?” ಅಂದೆ. “ನಿನ್ನ ಬಾಯಿ ಒಂದಿದೆಯಲ್ಲ, ವಿಶಾಲೂ, ಸಾಕು” ಅಂದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು, ಮದುವೆಯ ಗೋಜಿಗೆ ಹೋದವಳಲ್ಲ. ನನ್ನ ಬಾಯಿಯ ಬಗ್ಗೆ ಊರಿನಲ್ಲಿ ಒಳ್ಳೆಯ ಹೆಸರೇನೂ ಇಲ್ಲ. ಅಂತೂ ಅವತ್ತಿನಿಂದ ಊರಿನ ಲೆಕ್ಕದಲ್ಲಿ ನಮ್ಮದು ಯಾರೂ ಇಲ್ಲದ ಮನೆಯಾಯಿತು. ಹಾಲಿನವನು ಕಾಂಪೌಂಡಿನ ಮೇಲೆ ಹಾಲಿಟ್ಟು ಹೋಗುತ್ತಿದ್ದ. ಮದುವೆ, ನಾಮಕರಣಕ್ಕೆ ಕರೆಯುವವರು ನಮ್ಮ ಗೇಟಿನವರೆಗೆ ಬಂದು, ಜಗುಲಿಯ ಮೇಲೆ ಕೂತ ನಮ್ಮಿಬ್ಬರನ್ನೂ ಕಂಡೂ ಕಾಣದವರ ಹಾಗೆ ಪಕ್ಕದ ಮನೆಗೆ ಹೋಗುತ್ತಿದ್ದರು. ಆ ಊಟಗಳು ತಪ್ಪಿದ್ದಕ್ಕೆ ನನಗೆ ದುಃಖವಿಲ್ಲ. ಆ ಮಾತುಗಳು ತಪ್ಪಿದ್ದು ದೊಡ್ಡ ಪುಣ್ಯ.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತಿಗೆ ಕಸ ಚೆಲ್ಲಲು ಹೋದವಳು ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಳು. ಬಿಚ್ಚಿದರೆ ಗಿಳಿ. ಗಿಳಿ ಅನ್ನಬೇಕಾದರೆ ಧೈರ್ಯ ಬೇಕಿತ್ತು. ತಲೆಯೊಂದು ಹಸಿರು. ಎದೆ, ಬೆನ್ನು, ತೊಡೆ ಎಲ್ಲ ಬೋಳು. ಅಂಗಡಿಯಲ್ಲಿ ತೂಗುಹಾಕಿದ ಕೋಳಿಗೆ ಗಿಳಿಯ ತಲೆ ಅಂಟಿಸಿದ ಹಾಗಿತ್ತು. ರೆಕ್ಕೆಯ ಗರಿಗಳನ್ನು ಕತ್ತರಿಯಿಂದ ಸಮ ಮಾಡಿದ್ದರು. ಮಿಕ್ಕಿದ್ದನ್ನು ಅದೇ ಕಿತ್ತುಕೊಂಡಿತ್ತು.

“ಕಂಬದ ಮನೆಯವರದು” ಅಂದಳು ಅತ್ತಿಗೆ.

ಕಂಬದ ಮನೆ ಅಂದರೆ ಊರಿನಲ್ಲೇ ದೊಡ್ಡದು. ಯಜಮಾನ ಮಹಾಬಲಯ್ಯ, ಅವರ ಹೆಂಡತಿ ಚಂದ್ರಮತಿ. ಆತ ಜನರನ್ನು ಕಂಡರೆ ಮೈಯೆಲ್ಲಾ ಉರಿಸಿಕೊಳ್ಳುವ ಮನುಷ್ಯ. ಚಂದಾ ಕೇಳುವವರು, ನೆಂಟರು, ಆಳುಮಕ್ಕಳು, ಯಾರು ಬಂದರೂ ಅವರ ಗಿಳಿ “ಯಾರೂ ಇಲ್ಲ” ಅನ್ನುತ್ತಿತ್ತು. ಮನೆ ತುಂಬ ಜನ ಓಡಾಡುತ್ತಿರುವಾಗ ವರ್ಷಗಟ್ಟಲೆ ದಿನವಿಡೀ ಅದು ಆ ಒಂದೇ ಮಾತು ಹೇಳಿತು. ಹೇಳಿಹೇಳಿ ಅದಕ್ಕೇನಾಯಿತೋ, ಒಂದು ದಿನ ತನ್ನ ಎದೆಯ ಪುಕ್ಕ ಕಿತ್ತು ಬಂದವರ ಎದುರಿಗೇ ಉದುರಿಸಲು ಶುರು ಮಾಡಿತು. ಬೋಳು ಗಿಳಿ ಬಾಗಿಲಲ್ಲಿದ್ದರೆ ನೋಡಿದವರು ಏನಂದುಕೊಳ್ಳುತ್ತಾರೆ! ಚಂದ್ರಮತಿ ಅದನ್ನು ಬುಟ್ಟಿಗೆ ಹಾಕಿಸಿ, ದೂರದೂರಿನಿಂದ ಬೂದುಬಣ್ಣದ ವಿದೇಶಿ ಗಿಳಿಯೊಂದನ್ನು ತರಿಸಿದಳು.

ಅತ್ತಿಗೆ ಬೋಳು ಗಿಳಿಯನ್ನು ಹಿಂದಿನ ಕೋಣೆಯಲ್ಲಿಟ್ಟಳು. ಪಂಜರದ ಬಾಗಿಲನ್ನು ಮುಚ್ಚಲೇ ಇಲ್ಲ. ಅದು ಹೊರಗೂ ಬರಲಿಲ್ಲ. ಮೂಲೆಗೆ ಅಂಟಿಕೊಂಡು, ನಾವು ಬಾಗಿಲು ತೆರೆದಾಗಲೆಲ್ಲ “ಯಾರೂ ಇಲ್ಲ! ಯಾರೂ ಇಲ್ಲ!” ಅಂತ ಕಿರುಚುತ್ತಿತ್ತು. ನಾವು ಆಚೆ ಹೋದಮೇಲೂ ಗೋಡೆಗೆ ಅದನ್ನೇ ಹೇಳುತ್ತಿತ್ತು. ನನಗೆ ಕೇಳಲಾಗುತ್ತಿರಲಿಲ್ಲ. “ಅತ್ತಿಗೆ, ಇದು ಉಳಿಯುವುದಿಲ್ಲ, ಸುಮ್ಮನೆ ಯಾಕೆ ಒದ್ದಾಡ್ತೀಯಾ” ಅಂದೆ.

“ಉಳಿಯದಿದ್ದರೆ ಉಳಿಯೋದಿಲ್ಲ. ಬುಟ್ಟಿಯೊಳಗೆ ಸಾಯೋದು ಬೇಡ” ಅಂದಳು.

ಅವಳಿಗೆ ಗಿಳಿಯ ವೈದ್ಯವೇನೂ ಗೊತ್ತಿರಲಿಲ್ಲ. ಕಂಡಕಂಡವರನ್ನು ಕೇಳಿದಳು, ತಪ್ಪು ಮಾಡಿದಳು, ತಿದ್ದಿಕೊಂಡಳು. ಮೊದಲು ಎಣ್ಣೆ ಹಚ್ಚಿದಳು. ಮೈಯೆಲ್ಲ ಜಿಡ್ಡಾಗಿ ಅದು ಇನ್ನಷ್ಟು ಕಿತ್ತುಕೊಂಡಿತು. ಆಮೇಲೆ ಬರೀ ಉಗುರುಬೆಚ್ಚಗಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಮಂಜಿನ ಹಾಗೆ ಸಿಂಪಡಿಸಿದಳು. ಅದು ಮೊದಲು ಹೆದರಿತು, ಕೆಲವು ದಿನಗಳಾದ ಮೇಲೆ ಬಾಟಲಿ ಕಂಡರೆ ರೆಕ್ಕೆ ಎತ್ತಿ ನಿಲ್ಲತೊಡಗಿತು. ಕಂಬದ ಮನೆಯಲ್ಲಿ ಅದು ಹುಟ್ಟಿದಾಗಿನಿಂದ ಸೂರ್ಯಕಾಂತಿ ಬೀಜ ಬಿಟ್ಟು ಬೇರೇನೂ ತಿಂದಿರಲಿಲ್ಲವಂತೆ. ಸೀಬೆಹಣ್ಣು ಇಟ್ಟರೆ ಕಾಲಿನಿಂದ ಒದ್ದುಹಾಕಿತು. ಅತ್ತಿಗೆ ಅದರೆದುರು ತಾನೇ ಕೂತು ಸೀಬೆ ತಿಂದಳು, ಹರಿವೆ ಸೊಪ್ಪು ತಿಂದಳು, ಮೊಳಕೆ ಕಾಳು ತಿಂದಳು. ಹಸಿಮೆಣಸಿನಕಾಯಿಯನ್ನೂ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡಳು. “ಗಿಳಿಗೆ ಹಿಡಿದಿರೋದು ನಿನಗೂ ಹಿಡೀತು” ಅಂತ ನಾನು ಬಯ್ದೆ. ಒಂದು ದಿನ ಆ ಬೋಳು ದೇಹ ನಿಧಾನಕ್ಕೆ ಹೊರಗೆ ಬಂದು ಅವಳ ಕೈಯಲ್ಲಿದ್ದ ಮೆಣಸಿನಕಾಯಿಯ ತುದಿಯನ್ನು ಕಿತ್ತುಕೊಂಡು ಓಡಿತು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಖಾರಕ್ಕೆ ಅಂದಳು.

ರೆಕ್ಕೆಯಲ್ಲಿ ಹೊಸ ಗರಿ ಬಂತು. ಬೆನ್ನಿನಲ್ಲಿ ನುಣ್ಣನೆಯ ತುಪ್ಪಳ ಬಂತು. ಎದೆಯಲ್ಲಿ ಬರಲಿಲ್ಲ. ಕಿತ್ತೂಕಿತ್ತೂ ಅಲ್ಲಿ ಗರಿಯ ಬೇರೇ ಸತ್ತುಹೋಗಿತ್ತು. ಮಾತೂ ಕಡಿಮೆಯಾಯಿತು. “ಯಾರೂ ಇಲ್ಲ” ಅನ್ನುವುದು “ಯಾರೂ” ಆಯಿತು, ಆಮೇಲೆ ಬರೀ “ಯಾ” ಆಯಿತು, ಕೊನೆಗೆ ಮರದ ಮೇಲಿನ ಗಿಳಿಗಳ ಹಾಗೆ ಕೀ ಕೀ ಅನ್ನತೊಡಗಿತು. ಕನ್ನಡ ಮೇಡಂ ಆಗಿ ಹೇಳುತ್ತೇನೆ, ಆ ಭಾಷೆಯಲ್ಲಿ ಒಂದು ತಪ್ಪೂ ಇರಲಿಲ್ಲ.

ಸುದ್ದಿ ಹರಡಿತು. ಕಸದ ಗುಂಡಿಯವರೆಗೆ ನಡೆಯಲು ಸೋಮಾರಿಗಳಾದವರು ತಮ್ಮ ಬೇಡದ ಗಿಳಿಗಳನ್ನು ನಮ್ಮ ಕಾಂಪೌಂಡಿನ ಮೇಲೆ ಇಡತೊಡಗಿದರು. ನಮ್ಮದು ಯಾರೂ ಇಲ್ಲದ ಮನೆಯಾದ್ದರಿಂದ ಯಾರಿಗೂ ಹೇಳುವ ಕೇಳುವ ಅಗತ್ಯವಿರಲಿಲ್ಲ. ಗೇಟಿನಲ್ಲಿ ಬಂದು ನಿಂತು ನಮ್ಮ ಮುಖ ನೋಡಿ ಕೊಟ್ಟವರು ಒಬ್ಬರೇ, ವಾಚ್ ರಿಪೇರಿ ಮಾಡುವ ಯಾಕೂಬ್ ಸಾಬರು. ಅವರಿಗೆ ಮಾತು ತೊದಲುತ್ತದೆ. ಅವರ ಗಿಳಿ ಅದನ್ನೇ ಕಲಿತು, ಬೀದಿಯಲ್ಲಿ ಹೋಗುವವರಿಗೆಲ್ಲ “ಬ್-ಬ್-ಬನ್ನಿ” ಅನ್ನುತ್ತಿತ್ತು. ಹುಡುಗರಿರಲಿ, ಮೀಸೆ ಹೊತ್ತ ಗಂಡಸರೂ ಅದನ್ನು ಕೇಳಲೆಂದೇ ಸುತ್ತು ಹಾಕಿ ಬಂದು ನಗುತ್ತಿದ್ದರು. ಯಾಕೂಬ್ ಸಾಬರು ಪಂಜರವನ್ನು ಎದೆಗೆ ಅವುಚಿಕೊಂಡು ತಂದರು. “ಇದರದ್ದೇನೂ ತ-ತಪ್ಪಿಲ್ಲ ಅಮ್ಮಾವ್ರೇ. ನನಗೇ ಕೇಳೋಕೆ ಆಗ್ತಿಲ್ಲ” ಅಂದರು. ಆದರೆ ಮರುದಿನವೇ ಅದನ್ನು ನೋಡಲು ಬಂದರು. ಅದರ ಮರುದಿನವೂ ಬಂದರು. ಯಾರೂ ಬನ್ನಿ ಅನ್ನದೆ ನಮ್ಮ ಹೊಸ್ತಿಲು ದಾಟಿದ ಮೊದಲ ಮನುಷ್ಯ ಅವರು. ಒಳಗೆ ಬಂದು ಕೂತು, ಆ ಗಿಳಿಯ ಜೊತೆ ತೊದಲುತ್ತಾ ಹರಟೆ ಹೊಡೆಯುತ್ತಿದ್ದರು. ಅಲ್ಲಿ ನಗುವವರಿರಲಿಲ್ಲವಲ್ಲ.

ಈ ನಡುವೆ ಕಂಬದ ಮನೆಯಲ್ಲಿ ತಮಾಷೆ ಶುರುವಾಗಿತ್ತು. ಬೂದು ಗಿಳಿ ಬಂದಾಗಿನಿಂದ ಮನುಷ್ಯರ ಮಾತೊಂದನ್ನೂ ಆಡಲಿಲ್ಲ. ಆ ಮನೆಯ ಕುಕ್ಕರಿನ ಸೀಟಿಯನ್ನೂ ಮಹಾಬಲಯ್ಯನ ಬೆಳಗಿನ ಕೆಮ್ಮನ್ನೂ ಕಲಿಯಿತು. ಬಾಗಿಲಲ್ಲಿ ನಿಂತು ಯಾರಾದರೂ ಕೇಳಿದರೆ ಒಂದು ಸೀಟಿ ಹೊಡೆದು, ಗಂಟಲು ಕೆರೆದು, ಕ್ಯಾಕರಿಸುತ್ತಿತ್ತು. ಮಹಾಬಲಯ್ಯನಿಗೇನೋ ಸಂತೋಷ, ಯಾರೂ ಒಳಗೆ ಬರುತ್ತಿರಲಿಲ್ಲ. ಆದರೆ ಮಗಳು ಮಾಲಿನಿಯ ನಿಶ್ಚಿತಾರ್ಥ ಗೊತ್ತಾಯಿತು. ಬೀಗರು ಬರುತ್ತಾರೆ, ಬಾಗಿಲಲ್ಲಿ ನಿಲ್ಲುತ್ತಾರೆ. ಗಿಳಿ ಬನ್ನಿ ಅನ್ನದಿದ್ದರೆ ಮಾತುಕತೆ ಮುರಿದ ಹಾಗೆ. ಬೇರೆ ಮನೆಯ ಗಿಳಿಯನ್ನು ಎರವಲು ತರುವಂತಿಲ್ಲ, ಅದೇ ಬಾಗಿಲಲ್ಲಿ ಮಾತಾಡಿ ಪಳಗಿದ ಗಿಳಿಯೇ ಆಗಬೇಕು. ಕಂಬದ ಮನೆಯ ಬಾಗಿಲಲ್ಲಿ ಮಾತಾಡಿದ ಗಿಳಿ ಇದ್ದದ್ದು ಒಂದೇ. ಅದು ನಮ್ಮ ಹಿಂದಿನ ಕೋಣೆಯಲ್ಲಿ ಮೆಣಸಿನಕಾಯಿ ತಿನ್ನುತ್ತಿತ್ತು.

ಚಂದ್ರಮತಿ ಬಂದದ್ದು ಸುಡುಬಿಸಿಲಿನಲ್ಲಿ. ಅತ್ತಿಗೆ ಜಗುಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಪೇಪರ್ ಹಿಡಿದು ಕೂತಿದ್ದೆ. ಯಾಕೂಬ್ ಸಾಬರು ಒಳಗೆ ಅವರ ಗಿಳಿಯ ಹತ್ತಿರವಿದ್ದರು. ಆಕೆ ಗೇಟಿನಾಚೆ ನಿಂತಳು. ಬಾಗಿಲ ಕಡೆ ನೋಡಿದಳು. ಅಲ್ಲಿ ಪಂಜರವಿಲ್ಲದ ಬರೀ ಕೊಕ್ಕೆ. ಈಗ ಯಾರನ್ನು ಕೇಳುವುದು? ನಾವು ಕಾಣುತ್ತಿದ್ದೇವೆ, ಆದರೆ ಇಲ್ಲ. ಆಕೆ ಹಣೆಯ ಬೆವರು ಒರೆಸಿಕೊಂಡಳು, ಬಳೆ ಸರಿಮಾಡಿಕೊಂಡಳು, ಗೇಟಿನ ಚಿಲಕ ಮುಟ್ಟಿ ಕೈ ತೆಗೆದಳು. ಇಷ್ಟು ಚೆನ್ನಾಗಿರುವ ನಾಟಕ ನಾನು ಕಾಸು ಕೊಟ್ಟೂ ನೋಡಿರಲಿಲ್ಲ. ಪೇಪರ್ ಸ್ವಲ್ಪ ಕೆಳಗಿಳಿಸಿ ಆರಾಮವಾಗಿ ನೋಡಿದೆ.

ಕೊನೆಗೆ ಆಕೆ ಪಕ್ಕದ ಕಾಂಪೌಂಡ್ ಗೋಡೆಯ ಕಡೆ ತಿರುಗಿ, ಗೋಡೆಗೆ ಹೇಳುವ ಹಾಗೆ, “ಈ ಮನೆಯವರು ಇದ್ದಿದ್ದರೆ ಒಂದು ಮಾತು ಕೇಳಬೇಕಾಗಿತ್ತು” ಅಂದಳು.

“ಇದ್ದಿದ್ದರೆ ಅವರೂ ಕೇಳಿಸಿಕೊಳ್ತಿದ್ರು” ಅಂತ ನಾನು ಪೇಪರಿಗೆ ಹೇಳಿದೆ.

ಅತ್ತಿಗೆ ನನ್ನನ್ನು ಕಣ್ಣಲ್ಲೇ ಗದರಿದಳು. ಸೊಪ್ಪಿನ ಕಂತೆಯೊಂದು ಮುಗಿದು ಇನ್ನೊಂದು ಬಿಚ್ಚಿದಳು. ಚಂದ್ರಮತಿಯ ಮುಖ ಕೆಂಪಾಗಿ, ಕಣ್ಣು ಮಂಜಾಗಿ, ಇನ್ನೇನು ಅಲ್ಲೇ ಕುಸಿಯುತ್ತಾಳೇನೋ ಅನ್ನುವ ಹೊತ್ತಿಗೆ ಒಳಗಿನಿಂದ ಯಾಕೂಬ್ ಸಾಬರು ಬಂದರು. ಏನಾಗುತ್ತಿದೆ ಅಂತ ಒಂದು ಕ್ಷಣ ನೋಡಿ, ಗೇಟಿನವರೆಗೆ ನಡೆದು, ಚಿಲಕ ತೆಗೆದು, “ಬ-ಬ-ಬನ್ನಿ ತಾಯಿ, ಬಿಸಿಲು” ಅಂದರು.

ಮನೆ ಅವರದಲ್ಲ, ಅವರು ಗಿಳಿಯೂ ಅಲ್ಲ. ಆದರೂ ಕಂಬದ ಮನೆಯ ಚಂದ್ರಮತಿ ಬಂದು ನಮ್ಮ ಜಗುಲಿಯ ಮೇಲೆ ಕೂತು, ಅತ್ತಿಗೆ ಕೊಟ್ಟ ನೀರನ್ನು ಒಂದೇ ಉಸಿರಿಗೆ ಕುಡಿದಳು.

“ತುಂಗಮ್ಮಾವ್ರೇ, ನಮ್ಮ ಗಿಳಿ ಒಂದು ದಿನದ ಮಟ್ಟಿಗೆ ಕೊಡಿ” ಅಂದಳು. “ಬನ್ನಿ ಅಂದುಬಿಟ್ಟರೆ ಸಾಕು. ಸಾಯಂಕಾಲ ವಾಪಸ್ ಕಳಿಸ್ತೀನಿ. ಮೈಗೆ ಒಂದು ರೇಷ್ಮೆ ಬಟ್ಟೆ ಹೊಲಿಸಿದ್ದೀನಿ, ಬೋಳು ಕಾಣಿಸಲ್ಲ.”

ಆ ಬಟ್ಟೆಯನ್ನು ಚೀಲದಿಂದ ತೆಗೆದೂ ತೋರಿಸಿದಳು. ಅಂಗೈಯಷ್ಟಗಲ, ಜರಿ ಅಂಚು. ನಾನು ನಗಬಾರದು ಅಂತ ತುಟಿ ಕಚ್ಚಿಕೊಂಡೆ. ಅತ್ತಿಗೆ ನಗಲಿಲ್ಲ. ಎದ್ದು ಒಳಗೆ ಹೋಗಿ, ಆ ಗಿಳಿಯನ್ನು ಭುಜದ ಮೇಲೆ ಕೂರಿಸಿಕೊಂಡು ಬಾಗಿಲವರೆಗೆ ಬಂದಳು. ಚಂದ್ರಮತಿಯನ್ನು ಕಂಡದ್ದೇ ತಡ ಗಿಳಿ ಅತ್ತಿಗೆಯ ಕುತ್ತಿಗೆಯ ಹಿಂದೆ ಸರಿದು, ರೆಕ್ಕೆಯ ಕೆಳಗೆ ಕೊಕ್ಕು ಹಾಕಿ, ಹೊಸದಾಗಿ ಬಂದಿದ್ದ ಒಂದು ಗರಿಯನ್ನು ಬುಡಸಮೇತ ಕಿತ್ತಿತು. ರಕ್ತದ ಹನಿ ಅತ್ತಿಗೆಯ ಬಿಳಿ ರವಿಕೆಯ ಮೇಲೆ ಬಿತ್ತು.

“ನೋಡಿದ್ರಲ್ಲ” ಅಂದಳು ಅತ್ತಿಗೆ. ಗಿಳಿಯನ್ನು ಒಳಗೆ ಬಿಟ್ಟು ಬಂದು ಎದುರು ಕೂತಳು. “ಅದು ಈಗ ಮಾತಾಡಲ್ಲ. ಆಡಿದ್ರೂ ಕೊಡ್ತಿರಲಿಲ್ಲ. ನೀವೇ ಯಾಕೆ ಬಾಗಿಲಿಗೆ ಬಂದು ಬನ್ನಿ ಅನ್ನಬಾರದು?”

ಚಂದ್ರಮತಿ ಅತ್ತಿಗೆಯನ್ನು ನೋಡಿದ ರೀತಿ ನೋಡಬೇಕಿತ್ತು. ಬೀದಿಯಲ್ಲಿ ಸೀರೆ ಬಿಚ್ಚು ಅಂದ ಹಾಗಿತ್ತು. “ನಾನಾ? ಬಾಗಿಲಲ್ಲಾ? ಬಾಯಿ ಬಿಟ್ಟಾ?”

“ಮಗಳು ನಿಮ್ಮವಳು. ಬೀಗರು ನಿಮ್ಮವರು. ಬಾಯಿಯೂ ನಿಮ್ಮದೇ.”

ಆಕೆ ಎದ್ದು ಹೊರಟುಹೋದಳು. ಮರುದಿನ ಬಂದಳು. ಬೇರೆ ದಾರಿ ಇದ್ದಿದ್ದರೆ ಖಂಡಿತ ಬರುತ್ತಿರಲಿಲ್ಲ. “ಹೇಗೆ ಹೇಳೋದು, ತೋರಿಸಿ” ಅಂದಳು, ತಲೆ ಬಗ್ಗಿಸಿ. ಅವಳ ಕಷ್ಟ ಸುಳ್ಳಲ್ಲ. ನಲ್ಲಿಯ ಹತ್ತಿರ ಇಡೀ ಬೀದಿಯನ್ನು ಒಬ್ಬಳೇ ಬಯ್ದು ಗೆದ್ದು ಬರುವವಳು ಅದೇ ಒಂದು ಶಬ್ದಕ್ಕೆ ಹೊಸ್ತಿಲಲ್ಲಿ ನಿಂತಾಗ ಒಣಗಿಹೋಗುತ್ತಿದ್ದಳು. ಅತ್ತಿಗೆ ಅವಳನ್ನು ನಮ್ಮ ಬಾಗಿಲಲ್ಲಿ ನಿಲ್ಲಿಸಿದಳು. ಯಾಕೂಬ್ ಸಾಬರು ಗೇಟಿನಾಚೆ ಹೋಗಿ ಬೀಗರಾದರು. “ಮ-ಮನೆಯಲ್ಲಿ ಯಾರಿದ್ದೀರಿ?” ಅಂದರು. ಚಂದ್ರಮತಿಯ ಬಾಯಿ ತೆರೆಯಿತು. ಏನೂ ಬರಲಿಲ್ಲ. ಮತ್ತೊಂದು ಸಲ ಕೀರಲು ದನಿಯಲ್ಲಿ “ಬನ್ನೀ” ಅಂತ ಬಂತು, ಥೇಟು ಗಿಳಿಯ ಹಾಗೆ.

“ಗಿಳಿಯ ದನಿ ಬೇಡ. ನಿಮ್ಮ ದನಿಯಲ್ಲಿ” ಅಂದಳು ಅತ್ತಿಗೆ.

“ನನ್ನ ದನಿ ಹೀಗೇ ಬರ್ತಿದೆ ತುಂಗಮ್ಮಾವ್ರೇ” ಅಂತ ಆಕೆ ಅಳುವ ಹಾಗಾದಳು.

“ಬರಲಿ ಬಿಡಿ, ಅವಸರ ಇಲ್ಲ” ಅಂತ ಅತ್ತಿಗೆ ಒಂದು ಹೋಳು ಸೀಬೆಹಣ್ಣು ಕೊಟ್ಟಳು. ಆಕೆ ತಿಂದಳು. ನಾನು ನಗೆ ತಡೆಯಲಾಗದೆ ಎದ್ದು ಒಳಗೆ ಹೋದೆ. ಆದರೆ ಅವಳು ದಿನವೂ ಬಂದಳು, ಅತ್ತಿಗೆ ದಿನವೂ ಅವಳ ಪಕ್ಕ ನಿಂತಳು. ತನ್ನ ರವಿಕೆಯ ಮೇಲೆ ಆ ಪಕ್ಷಿಯ ರಕ್ತದ ಕಲೆ ಇನ್ನೂ ಹೋಗಿರದ ಹೊತ್ತಿನಲ್ಲಿ! ಅತ್ತಿಗೆಯ ಆ ಸಹನೆ ನನಗೆ ಯಾವತ್ತೂ ಅರ್ಥವಾಗಿಲ್ಲ. ಕೇಳಿದ್ದಕ್ಕೆ, “ಅವಳನ್ನೂ ಯಾರೋ ಹೀಗೇ ಸಾಕಿದ್ದಾರೆ ಕಣೇ” ಅಂದಳು. ನನಗದು ಒಪ್ಪಿಗೆಯಾಗಲಿಲ್ಲ. ಚಿಕ್ಕಂದಿನಲ್ಲಿ ಕೆಟ್ಟ ಪಾಠ ಹೇಳಿಸಿಕೊಂಡವರೆಲ್ಲ ದೊಡ್ಡವರಾದ ಮೇಲೆ ಬುಟ್ಟಿ ಹಿಡಿದು ಕಸದ ಗುಂಡಿಗೆ ಹೋಗುವುದಿಲ್ಲ.

ನಿಶ್ಚಿತಾರ್ಥದ ದಿನ ಚಂದ್ರಮತಿ ಅತ್ತಿಗೆಯನ್ನು ಹತ್ತಿರದಲ್ಲೇ ಇರಿ ಅಂತ ಬೇಡಿಕೊಂಡಿದ್ದಳು. ಆದರೆ ಒಳಗೆ ಕರೆಯಲಿಲ್ಲ. ವಿಧವೆಯನ್ನು ಶುಭಕಾರ್ಯಕ್ಕೆ ಕರೆಯುವಷ್ಟು ಅವಳ ನಾಲಿಗೆ ಇನ್ನೂ ಪಳಗಿರಲಿಲ್ಲ. ಅತ್ತಿಗೆ ಬೇಸರ ಮಾಡಿಕೊಳ್ಳದೆ ಹೋಗಿ ಎದುರಿನ ಹೊಂಗೆಮರದ ನೆರಳಲ್ಲಿ ನಿಂತಳು. ಅವಳ ಪಾಲಿನ ಬೇಸರವನ್ನೂ ನಾನೇ ಮಾಡಿಕೊಂಡು ಜೊತೆಗೆ ನಿಂತೆ. ಬೀದಿಯ ಅರ್ಧ ಜನ ಅಲ್ಲಿದ್ದರು. ಬೂದು ಗಿಳಿಯನ್ನು ಹಿತ್ತಲಿಗೆ ಸಾಗಿಸಿದ್ದಾರೆ, ಕಂಬದ ಮನೆಯ ಬಾಗಿಲಲ್ಲಿ ಪಂಜರವಿಲ್ಲ ಅನ್ನುವುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಇನ್ನೊಬ್ಬರ ಮನೆಯ ಮದುವೆ ಮುರಿಯುವುದನ್ನು ನೋಡಲು ನಮ್ಮವರು ಮನೆಗೆಲಸ ಬಿಟ್ಟು ಬರುತ್ತಾರೆ.

ಬೀಗರು ಬಂದರು. ವರನ ತಂದೆ ನಂಜರಾಜಯ್ಯ ಮುಂದೆ, ಅವರ ಹಿಂದೆ ಶಲ್ಯ, ಹಣ್ಣಿನ ತಟ್ಟೆ, ಹೆಂಗಸರು, ಕೊನೆಯಲ್ಲಿ ಕೋಲೂರಿಕೊಂಡ ಅಜ್ಜಿ. ನಂಜರಾಜಯ್ಯ ಗಂಟಲು ಸರಿಮಾಡಿಕೊಂಡು “ಮನೆಯಲ್ಲಿ ಯಾರಿದ್ದೀರಿ?” ಅಂದರು. ಚಂದ್ರಮತಿ ಹೊಸ್ತಿಲ ಮೇಲೆ ನಿಂತಿದ್ದಳು. ಸೀರೆಯ ನೆರಿಗೆಗಳು ನಡುಗುತ್ತಿದ್ದದ್ದು ನಮ್ಮ ಮರದ ಕೆಳಗಿನಿಂದಲೇ ಕಾಣುತ್ತಿತ್ತು. ಮಹಾಬಲಯ್ಯ ಎಲ್ಲಿ ಅಂತೀರಾ? ಒಳಗಿನ ಕೋಣೆಯಲ್ಲಿ ಚಿಲಕ ಹಾಕಿಕೊಂಡಿದ್ದರಂತೆ.

ಅವಳ ಬಾಯಿ ತೆರೆಯಿತು, ಮುಚ್ಚಿತು. ಜನರಲ್ಲಿ ಯಾರೋ ಕಿಸಕ್ಕೆಂದರು. ಅವಳು ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ಸುಮ್ಮನೆ ತಲೆಯಾಡಿಸಿದಳು.

“ಬನ್ನಿ” ಅಂದಳು ಚಂದ್ರಮತಿ. ಒರಟು ದನಿ, ಹೆಂಗಸಿನ ದನಿ.

ನಂಜರಾಜಯ್ಯ ಮೇಲಕ್ಕೆ ಕೊಕ್ಕೆಯ ಕಡೆ ನೋಡಿದರು. “ಗಿಳಿ ಎಲ್ಲಿ?”

“ಗಿಳಿ ಇಲ್ಲ. ಕರೀತಿರೋದು ನಾನೇ. ಬನ್ನಿ, ಅಡುಗೆ ಆಗಿದೆ.”

ಗುಸುಗುಸು ಎದ್ದಿತು. ಇದು ಅವಮಾನವಾ, ಅಪಶಕುನವಾ ಅಂತ ಬೀಗರಲ್ಲೇ ಎರಡು ಪಂಗಡವಾಯಿತು. ನಂಜರಾಜಯ್ಯ ಶಲ್ಯ ಹೆಗಲಿಗೆ ಎಸೆದುಕೊಂಡು ತಿರುಗಿಯೇಬಿಟ್ಟಿದ್ದರು. ಆಗ ಹಿಂದಿನಿಂದ ಅಜ್ಜಿ ಕೋಲಿನಲ್ಲಿ ಮಗನ ಕಾಲು ತಿವಿದು, “ದಾರಿ ಬಿಡೋ. ನನ್ನ ಮಂಡಿ ನೋಯ್ತಿದೆ. ಆ ಹೆಂಗಸು ಆಗಲೇ ಎರಡು ಸಲ ಕರೆದಳು, ನಿನಗೆ ಕಿವಿ ಇಲ್ಲವಾ?” ಅಂತ ಒಳಗೆ ನಡೆದುಬಿಟ್ಟಳು. ಚಂದ್ರಮತಿ ಓಡಿಬಂದು ಅವಳ ಕೈ ಹಿಡಿದಳು. ಉಳಿದವರು ಬಿಸಿಲಿನಲ್ಲಿ ನಿಂತು ಸಂಪ್ರದಾಯದ ಬಗ್ಗೆ ಬಹಳ ಗಂಭೀರವಾಗಿ ಚರ್ಚೆ ಮಾಡಿದರು. ಅಷ್ಟರಲ್ಲಿ ಒಳಗಿನಿಂದ ಕೇಸರಿಬಾತಿನ ತುಪ್ಪದ ವಾಸನೆ ಬಂತು. ಸಂಪ್ರದಾಯ ಅಲ್ಲಿಂದ ಮುಂದೆ ಹೆಚ್ಚು ಹೊತ್ತು ತಡೆಯಲಿಲ್ಲ. ಅಮ್ಮನನ್ನು ಕರೆತರುತ್ತೇನೆ ಅಂತ ನಂಜರಾಜಯ್ಯ ಒಳಗೆ ಹೋದರು, ಅವರನ್ನು ಕರೆತರಲು ತಮ್ಮ ಹೋದರು, ಕೊನೆಗೆ ಹಣ್ಣಿನ ತಟ್ಟೆಗಳೂ ಹೋದವು. ಮಾಲಿನಿಯ ಮದುವೆ ನಿಶ್ಚಯವಾಯಿತು.

ಇದನ್ನು ಕೇಳಿ ನಮ್ಮ ಊರು ಬುದ್ಧಿ ಕಲಿಯಿತು ಅಂದುಕೊಂಡರೆ ನಿಮಗೆ ನಮ್ಮ ಊರು ಗೊತ್ತಿಲ್ಲ. ಕಂಬದ ಮನೆಯವರು ಮಾಡಿದ್ದು ಫ್ಯಾಷನ್ ಆಯಿತು, ಅಷ್ಟೆ. ಬಾಗಿಲಲ್ಲಿ ಮನುಷ್ಯರೇ ಮಾತಾಡಬೇಕು ಅಂತಾಯಿತು. ಆದರೆ ಯಜಮಾನರು ಮಾತಾಡಲಿಲ್ಲ. ಮನೆಯಲ್ಲಿ ದಿಕ್ಕಿಲ್ಲದೆ ಉಳಿದುಕೊಂಡ ಸೋದರತ್ತೆಯನ್ನೋ ಹೊಸದಾಗಿ ಬಂದ ಸೊಸೆಯನ್ನೋ ಬಾಗಿಲಲ್ಲಿ ಕೂರಿಸಿದರು, ಅವರಿಗೆ ಎರಡು ಮಾತು ಕಲಿಸಿದರು. ಅವರೂ ಕಿಟಕಿಯ ಪಕ್ಕದ ಬನಿಯನ್ನಿನ ಎದುರಿಗೇ “ಯಾರೂ ಇಲ್ಲ” ಅನ್ನುತ್ತಾರೆ. ಗಿಳಿಗಳು? ಒಂದು ಬೆಳಿಗ್ಗೆ ಬಾಗಿಲು ತೆರೆದರೆ ನಮ್ಮ ಕಾಂಪೌಂಡಿನ ಉದ್ದಕ್ಕೂ ಪಂಜರಗಳು, ಬುಟ್ಟಿಗಳು, ತೂತು ಕೊರೆದ ಬಿಸ್ಕತ್ತಿನ ಡಬ್ಬಗಳು. ಇಡೀ ಊರಿನ ಮಾತು ಒಟ್ಟಿಗೇ ಕಿರುಚುತ್ತಿತ್ತು. “ತಾವು ಯಾರು?” “ಊಟ ಆಯ್ತಲ್ಲ?” “ಆಮೇಲೆ ಬನ್ನಿ!”

ಅತ್ತಿಗೆ ಕುಸಿದು ಕೂತದ್ದನ್ನು ನಾನು ನೋಡಿದ್ದು ಅಂದೇ ಮೊದಲು. “ನಾನೇ ಮಾಡಿದೆ ಕಣೇ ವಿಶಾಲೂ” ಅಂದಳು. “ಅವಳಿಗೆ ಮಾತು ಕಲಿಸೋಕೆ ಹೋಗಿ ಇವುಗಳ ಮನೆ ತೆಗೆದೆ.”

“ಮನೆಯಂತೆ ಮನೆ! ಕೊಕ್ಕೆಗೆ ನೇತುಹಾಕಿದ್ದು ಮನೆಯಾ?” ಅಂತ ನಾನು ರೇಗಿದೆ. ಆದರೆ ಹೇಳುತ್ತಾ ಹೇಳುತ್ತಾ ಹತ್ತಿರದ ಡಬ್ಬ ಬಿಚ್ಚಿದೆ. ಕೈಗೆ ಕಚ್ಚಿಸಿಕೊಂಡೆ.

ನಮ್ಮ ಮೂವರಿಂದ ಅದು ಆಗುವ ಕೆಲಸವಾಗಿರಲಿಲ್ಲ. ಕೆಲವು ಸತ್ತವು. ಸುಧಾರಿಸಿಕೊಂಡವನ್ನು ಸಾಕುವವರಿಗೆ ಕೊಡಲೇಬೇಕಾಯಿತು. ಅದಕ್ಕೆ ಯಾರು ಬಂದರು? ಎಸೆದವರೇ. ಗಿಳಿ ಎಸೆಯುವುದು ಹಳೆಯದಾಗಿ, ಎಸೆದ ಗಿಳಿಯನ್ನು ಉಳಿಸಿ ನಡುಮನೆಯಲ್ಲಿಟ್ಟುಕೊಳ್ಳುವುದು ದೊಡ್ಡತನವಾಗಿತ್ತು. ಒಬ್ಬಾಕೆ ಪರದೆಯ ಬಣ್ಣದ ತುಂಡು ಹಿಡಿದು ಬಂದು, ಇದಕ್ಕೆ ಹೊಂದುವ ಹಸಿರು ಇದೆಯಾ ಅಂದಳು. ಇನ್ನೊಬ್ಬರು ಸ್ವಲ್ಪ ಮಾತ್ರ ಬೋಳಾಗಿರುವುದು ಬೇಕು, ನೋಡಿದವರಿಗೆ ಅಯ್ಯೋ ಅನ್ನಿಸಬೇಕು, ಹೇಸಿಗೆಯಾಗಬಾರದು ಅಂದರು. ಅವರನ್ನು ನಾನೇ ಗೇಟಿನವರೆಗೆ ಬಿಟ್ಟು ಬಂದೆ. ಅತ್ತಿಗೆ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ಇದು ಸಾಯೋವರೆಗೂ ಒಂದು ಮಾತೂ ಆಡದಿದ್ದರೆ?” ಹೆಚ್ಚಿನವರು ಅಲ್ಲೇ ಎದ್ದು ಹೋಗುತ್ತಿದ್ದರು. ಯಾಕೂಬ್ ಸಾಬರು ತಮ್ಮ ಗಿಳಿಯ ಜೊತೆಗೆ ಇನ್ನೆರಡನ್ನು ಒಯ್ದರು, ಮೂರೂ ಈಗ ಸೊಗಸಾಗಿ ತೊದಲುತ್ತವೆ. ಸಾಬರು ಕೇಳಿ ನಗುತ್ತಾರೆ.

ಮಾಲಿನಿ ಗಂಡನ ಮನೆಗೆ ಹೋದಮೇಲೆ ಚಂದ್ರಮತಿಯೂ ಬಂದಳು. ಗೇಟು ತೆಗೆದು, “ತುಂಗಮ್ಮಾವ್ರೇ, ನಾನು” ಅಂತ ತಾನೇ ಹೇಳಿಕೊಂಡು ಒಳಗೆ ಬಂದು, ನಿಂತೇ ಮಾತಾಡಿದಳು. “ನನ್ನ ಗಿಳಿ ಕೊಡಿ. ಬಾಗಿಲಿಗಲ್ಲ. ಸಾಕೋಕೆ. ಮಾತಾಡದಿದ್ದರೂ ಪರವಾಗಿಲ್ಲ, ಕಚ್ಚಿದರೂ ಪರವಾಗಿಲ್ಲ.”

ಅತ್ತಿಗೆ ಅವಳ ಮುಖ ನೋಡಿ “ಇಲ್ಲ” ಅಂದಳು.

ನನಗೆ ಹಿಗ್ಗಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಚಂದ್ರಮತಿ ಗೇಟಿನ ಕಡೆ ತಿರುಗಿದಳು. “ಹೋಗಬೇಡಿ” ಅಂದಳು ಅತ್ತಿಗೆ. “ಕೊಡೋದು ನಾನಲ್ಲ, ಅದು ಒಪ್ಪಬೇಕು. ನಿಮ್ಮನ್ನ ಕಂಡರೆ ಮೈ ಕಿತ್ತುಕೊಳ್ಳುತ್ತೆ. ಬರೋದಾದರೆ ದಿನಾ ಬನ್ನಿ. ಅಲ್ಲಿ ದೂರ ಕೂತು ಹಣ್ಣು ಹೆಚ್ಚಿ. ಅದರ ಕಡೆ ನೋಡಬೇಡಿ, ಕರೀಬೇಡಿ. ಅದು ಕಿತ್ತುಕೊಳ್ಳೋದು ನಿಲ್ಲಿಸಿದ ದಿನ ಒಂದು ಗೇಣು ಹತ್ತಿರ ಬನ್ನಿ. ಮತ್ತೆ ಶುರು ಮಾಡಿದರೆ ಹಿಂದಕ್ಕೆ ಹೋಗಿ.”

“ಎಷ್ಟು ದಿನ?”

“ಅದನ್ನ ಅದೇ ಹೇಳಬೇಕು.”

ಹಾಗಾಗಿ ಕಂಬದ ಮನೆಯ ಚಂದ್ರಮತಿ ಈಗ ದಿನವೂ ನಮ್ಮ ಹಿತ್ತಲ ಕೊನೆಯಲ್ಲಿ, ಬಚ್ಚಲ ಗೋಡೆಗೆ ಒರಗಿಕೊಂಡು, ಒಂದು ಮರದ ಸ್ಟೂಲಿನ ಮೇಲೆ ಕೂತು ಗಿಳಿಗಳಿಗೆ ಹಣ್ಣು ಹೆಚ್ಚುತ್ತಾಳೆ. ರೇಷ್ಮೆ ಬಿಟ್ಟು ನೂಲಿನ ಸೀರೆ ಉಡುತ್ತಾಳೆ. ಕೈತುಂಬ ಕಚ್ಚಿದ ಗಾಯಗಳು, ಬೇರೆ ಗಿಳಿಗಳದು. ಬೋಳು ಗಿಳಿ ಹಿಂದಿನ ಕೋಣೆಯ ಕಿಟಕಿಯಲ್ಲಿ ಅವಳಿಗೆ ಬೆನ್ನು ಹಾಕಿ ಕೂರುತ್ತದೆ. ಆಕೆ ಒಂದು ಸಲವೂ ತಲೆಯೆತ್ತಿಲ್ಲ, ಅದನ್ನು ನಾನು ಒಪ್ಪಿಕೊಳ್ಳಲೇಬೇಕು. ಮೊನ್ನೆ ಗಿಳಿ ಪೂರ್ತಿ ತಿರುಗದಿದ್ದರೂ ಕತ್ತನ್ನು ಸ್ವಲ್ಪ ಓರೆಮಾಡಿ, ಒಂದು ಕಣ್ಣಿನಿಂದ ಅವಳ ಕಡೆ ನೋಡಿತಂತೆ. ಅತ್ತಿಗೆ ಓಡಿಬಂದು ಹೇಳಿದಳು. ಸಂಜೆ ಸ್ಟೂಲು ಗೋಡೆಯಿಂದ ಒಂದು ಗೇಣು ಮುಂದೆ ಬಂದಿತ್ತು. ಅವರಿಬ್ಬರೂ ಗೇಟಿನ ಹತ್ತಿರ ಮಾತಾಡುತ್ತಾ ನಿಂತಿದ್ದಾಗ ನಾನು ಹಿತ್ತಲಿಗೆ ಹೋಗಿ, ಆ ಸ್ಟೂಲನ್ನು ಕಾಲಿನಿಂದ ಅರ್ಧ ಗೇಣು ಹಿಂದಕ್ಕೆ ತಳ್ಳಿ ಬಂದೆ.